ಸರ್ವಿಸ್ ರಸ್ತೆಗೂ ಒಂದು ಅಳತೆ ಬೇಡವೇ?

ಮಾನ್ಯ ಸಂಪಾದಕರೇ,

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಟೋಲ್ ಜಾಸ್ತಿ ಎಂದು ಕಾರಿನವರು ದೂರುತ್ತಲೇ ಇರುತ್ತಾರೆ. ನನ್ನ ತಕರಾರು ಬೇರೆ. ಟೋಲ್ ಕೊಡುತ್ತೇವೆ ಎಂದರೂ ಆ ರಸ್ತೆ ಹತ್ತಲಾಗದವರದ್ದು.

ಮೊದಲು ಇಲ್ಲಿದ್ದದ್ದು ನಾಲ್ಕು ಪಥದ ರಸ್ತೆ. ಟೋಲ್ ಇರಲಿಲ್ಲ. ಬೈಕು, ಆಟೊ, ಕಬ್ಬು ತುಂಬಿದ ಎತ್ತಿನ ಗಾಡಿ ಎಲ್ಲವೂ ಅದರಲ್ಲೇ ಓಡಾಡುತ್ತಿದ್ದವು. ಈಗ ಅದು ದಶಪಥ. ನಡುವಿನ ಆರು ಪಥಕ್ಕೆ 2023ರ ಮಾರ್ಚ್‌ನಲ್ಲಿ ಟೋಲ್ ಶುರುವಾಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗೆ ಅಲ್ಲಿ ಪ್ರವೇಶವೇ ನಿಂತಿತು. ಅದು ತಪ್ಪು ಎನ್ನುವುದಿಲ್ಲ. ಕಾರುಗಳು ನೂರರ ವೇಗದಲ್ಲಿ ನುಗ್ಗುವ ಕಡೆ ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್‌ಗೆ ಏನು ಕೆಲಸ?

ಆದರೆ ನಮಗೆ ಉಳಿದ ದಾರಿ, ಅಂದರೆ ಪಕ್ಕದ ಸರ್ವಿಸ್ ರಸ್ತೆ, ಎಂಥದ್ದು? 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳನ್ನು ತೆಗೆದು ಓದಿದೆ. ಸರ್ವಿಸ್ ರಸ್ತೆ ಅಥವಾ ಪರ್ಯಾಯ ರಸ್ತೆ ಇದ್ದರೆ ಆಟೊ, ಟ್ರ್ಯಾಕ್ಟರ್‌ಗಳನ್ನು ಹೆದ್ದಾರಿಯಿಂದ ಹೊರಗಿಡಬಹುದು. ಪರ್ಯಾಯ ರಸ್ತೆಗೆ ಅಳತೆ ಹೇಳಿದ್ದಾರೆ: ಅಗಲ ಹತ್ತು ಮೀಟರ್‌ಗಿಂತ ಹೆಚ್ಚಿರಬೇಕು, ಉದ್ದ ಹೆದ್ದಾರಿಗಿಂತ ಶೇ 20ಕ್ಕೂ ಹೆಚ್ಚು ಸುತ್ತಾಗಬಾರದು. ಸರ್ವಿಸ್ ರಸ್ತೆಗೆ? ಹೆದ್ದಾರಿಯ ಪಕ್ಕದಲ್ಲಿ ಸಾಗಿ ಅಕ್ಕಪಕ್ಕದ ಜಮೀನಿಗೆ ದಾರಿ ಕೊಟ್ಟರೆ ಸಾಕು. ಅಗಲದ ಮಾತಿಲ್ಲ. ನಡುವೆ ತುಂಡಾಗಬಾರದು ಎಂಬ ಮಾತೂ ಇಲ್ಲ. ಅದಕ್ಕೇ ಅಲ್ವಾ, ಸರ್ವಿಸ್ ರಸ್ತೆ ಪೂರ್ತಿ ಮುಗಿಯದಿದ್ದರೂ ಇಲ್ಲಿ ಟೋಲ್ ಗೇಟ್ ತೆರೆದದ್ದು?

ಅಮೆರಿಕದ ಕಾನೂನು ಪಥಗಳನ್ನೇ ಎಣಿಸುತ್ತದೆ. ಇರುವ ಹೆದ್ದಾರಿಗೆ ಹೊಸ ಪಥ ಸೇರಿಸಿ ಅದಕ್ಕೆ ಟೋಲ್ ಹಾಕಬಹುದು, ಆದರೆ ಮೊದಲಿದ್ದ ಉಚಿತ ಪಥಗಳಲ್ಲಿ ಒಂದೂ ಕಡಿಮೆ ಆಗಕೂಡದು. ಟೆಕ್ಸಾಸ್ ರಾಜ್ಯ ಇನ್ನೂ ಜಾಣತನ ತೋರಿಸಿದೆ. ಪಕ್ಕದ ಸರ್ವಿಸ್ ರಸ್ತೆಯನ್ನು ಉಚಿತ ಪಥದ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ಬರೆದೇ ಇಟ್ಟಿದೆ. ನಮ್ಮಲ್ಲಿ ಆ ಕಡೆ ಎರಡು, ಈ ಕಡೆ ಎರಡು ಸರ್ವಿಸ್ ಪಥ ಸೇರಿಸಿ ‘ನಾಲ್ಕಕ್ಕೆ ನಾಲ್ಕು ಸರಿಹೋಯಿತಲ್ಲ’ ಎನ್ನುವ ಲೆಕ್ಕ ಅಲ್ಲಿ ನಡೆಯದು.

ಅಷ್ಟೆಲ್ಲ ಕೇಳುತ್ತಿಲ್ಲ. ನಮ್ಮ ನಿಯಮಕ್ಕೆ ಎರಡೇ ಸಾಲು ಸೇರಿಸಲಿ. ಸರ್ವಿಸ್ ರಸ್ತೆಗೆ ಕನಿಷ್ಠ ಅಗಲ ಇಷ್ಟು ಎಂದು ಹೇಳಲಿ. ಹಳಿ, ಹೊಳೆ ಅಡ್ಡ ಬಂದರೂ ಅದು ತುಂಡಾಗದೆ ಮುಗಿಯುವ ತನಕ ಟೋಲ್ ಗೇಟ್ ತೆರೆಯುವಂತಿಲ್ಲ ಎನ್ನಲಿ.

— ಒಬ್ಬ ಬೈಕ್ ಸವಾರ, ಚನ್ನಪಟ್ಟಣ