ರಾತ್ರಿ ಅಲ್ಲೇ ಉಳಿದುಕೋ, ಮಗಳೇ

ಮಂಗಳೂರು

ಪ್ರೀತಿಯ ಮಗಳೇ,

ನೀನು ಇಂಗ್ಲೆಂಡಿನಲ್ಲಿ ಹಲವು ದೇಶದ ಹಾಡುಗಾರರು ಸೇರುವ ವೊಮ್ಯಾಡ್ ಸಂಗೀತ ಹಬ್ಬಕ್ಕೆ ಟಿಕೆಟ್ ತೆಗೆದೆ ಅಂತ ಕೇಳಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಬಯಲಲ್ಲಿ ಟೆಂಟ್ ಹಾಕಿ ಉಳಿಯುವುದು ಎಂದಾಗ ಅಪ್ಪನಿಗೆ ಮಾತ್ರ ದಿಗಿಲು. "ಬ್ರಿಸ್ಟಲ್‌ನಿಂದ ದೂರ ಇಲ್ಲ, ದಿನಾ ಹೋಗಿ ಬರಬಹುದಲ್ಲ" ಅಂತ ಎರಡು ದಿನದಿಂದ ಹೇಳುತ್ತಿದ್ದಾರೆ. ನಾನು ಒಪ್ಪಲಿಲ್ಲ. ಹೋಗುವುದಾದರೆ ಅಲ್ಲೇ ಉಳಿಯಬೇಕು. ಯಾಕೆ ಅಂತ ಹೇಳುತ್ತೇನೆ. ಟೆಂಟಿನ ವಿಷಯವೂ ಬರೆಯುತ್ತೇನೆ. ಶಾಲೆಯ ಗೈಡ್ಸ್ ಮಕ್ಕಳಿಂದ ಮಳೆಯಲ್ಲೂ ಟೆಂಟ್ ಹಾಕಿಸಿದವಳು ನಾನು, ಅದು ನನಗೆ ಚೆನ್ನಾಗಿ ಗೊತ್ತಿರುವ ಕೆಲಸ.

ಇಲ್ಲಿ ಆಟ, ಕೋಲಗಳ ಕಾಲ ಮುಗಿಯುವ ದಿನ ಪತ್ತನಾಜೆ ಕಳೆಯಿತು. ಯಕ್ಷಗಾನದ ಮೇಳಗಳೆಲ್ಲ ಗೆಜ್ಜೆ ಬಿಚ್ಚಿವೆ. ಕೋಲ ಇಲ್ಲ, ನೇಮ ಇಲ್ಲ, ಬಯಲಾಟ ಇಲ್ಲ. ಮಳೆ ಬಿಡುವು ಕೊಡದೆ ಸುರಿಯುತ್ತಾ ಉಂಟು. ಇನ್ನು ದೀಪಾವಳಿ ಕಳೆಯುವವರೆಗೆ ಚೆಂಡೆ ಕೇಳಬೇಕಾದರೆ ಚಿಕ್ಕಮೇಳದವರು ಮನೆ ಬಾಗಿಲಿಗೆ ಬರಬೇಕು. ನಮ್ಮ ಗದ್ದೆಯಲ್ಲಿ ರಂಗಸ್ಥಳ ಬಿಚ್ಚಿದ ಮೇಲೆ ನಿಮ್ಮಲ್ಲಿ ಶುರು, ಅಲ್ವಾ? ಅವರ ಬೇಸಗೆ ಎಂದರೆ ಜುಲೈ.

ಈ ಹಬ್ಬದ ಹಿಂದಿನ ಕಥೆ ನಿನಗೆ ಗೊತ್ತಿರಲಿ. ಪೀಟರ್ ಗೇಬ್ರಿಯಲ್ ಎಂಬ ಹಾಡುಗಾರ ಮತ್ತು ಅವರ ಜೊತೆಗಾರರು 1980ರಲ್ಲಿ ಶುರು ಮಾಡಿದ್ದು. ಮೊದಲ ಹಬ್ಬ ನಡೆದದ್ದು 1982ರ ಜುಲೈಯಲ್ಲಿ, ಸಾಮರ್‌ಸೆಟ್‌ನ ಶೆಪ್ಟನ್ ಮ್ಯಾಲೆಟ್ ಎಂಬ ಊರಿನ ಹತ್ತಿರ. ಇಂಗ್ಲೆಂಡಿನ ರಾಕ್ ತಂಡಗಳು, ಜೊತೆಗೆ ಆಫ್ರಿಕಾದ ಬುರುಂಡಿಯಿಂದ ಬಂದ ಡೋಲಿನವರು. ಅಲ್ಲಿಯವರೆಗೆ ಇಂಥ ಜೋಡಿಯನ್ನು ಹೆಚ್ಚಿನವರು ಯೋಚಿಸಿಯೂ ಇರಲಿಲ್ಲ. ಆದರೆ ಟಿಕೆಟ್ ಸಾಕಷ್ಟು ಹೋಗಲಿಲ್ಲ, ಸಾಲ ತಲೆ ಮೇಲೆ ಬಂತು. ಆಗ ಗೇಬ್ರಿಯಲ್ ಹಿಂದೆ ಬಿಟ್ಟು ಬಂದಿದ್ದ ಜೆನೆಸಿಸ್ ತಂಡದವರು ಅದೇ ಅಕ್ಟೋಬರ್‌ನಲ್ಲಿ ಮಿಲ್ಟನ್ ಕೀನ್ಸ್‌ನಲ್ಲಿ ಅವರ ಜೊತೆ ಮತ್ತೆ ವೇದಿಕೆ ಹತ್ತಿದರು. ಸುರಿವ ಮಳೆಯಲ್ಲೇ ನುಡಿಸಿದರು. ನಮ್ಮಲ್ಲಿ ಕಷ್ಟದಲ್ಲಿರುವ ಕಲಾವಿದರಿಗಾಗಿ ಸಹಾಯಾರ್ಥ ಆಟ ಇಡುತ್ತಾರಲ್ಲ, ಹಾಗೆ. ಹಳೆಯ ಗೆಳೆಯರು ಅಂದು ಬರದೇ ಇದ್ದಿದ್ದರೆ ಇವತ್ತು ನಿನ್ನ ಕೈಯಲ್ಲಿ ಈ ಟಿಕೆಟ್ ಇರುತ್ತಿತ್ತೋ ಇಲ್ಲವೋ.

2007ರಿಂದ ಅದು ವಿಲ್ಟ್‌ಶೈರ್‌ನ ಚಾರ್ಲ್‌ಟನ್ ಪಾರ್ಕಿನಲ್ಲಿ ನಡೆಯುತ್ತಿತ್ತು. 2025ರಲ್ಲಿ ಬಿಡುವು ಕೊಟ್ಟರು. ಈಗ ಅದೇ ವಿಲ್ಟ್‌ಶೈರ್‌ನ ನೆಸ್ಟನ್ ಪಾರ್ಕ್. ಗೇಬ್ರಿಯಲ್ ಅವರ ರಿಯಲ್ ವರ್ಲ್ಡ್ ಸ್ಟುಡಿಯೊ ಇರುವ ಬಾಕ್ಸ್ ಎಂಬ ಹಳ್ಳಿಯೂ ಅಲ್ಲೇ ಹತ್ತಿರ.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. 1985ರ ಹಬ್ಬ ಎಸೆಕ್ಸ್‌ನ ಮರ್ಸೀ ದ್ವೀಪದಲ್ಲಿ ನಡೆಯಿತು. ಅಲ್ಲಿ ನುಸ್ರತ್ ಫತೇ ಅಲಿ ಖಾನ್ ಹಾಡಿದರು. ಪಾಕಿಸ್ತಾನದ ಕವ್ವಾಲಿ ಮನೆತನದವರು. ಎದುರಿಗೆ ಕೂತಿದ್ದ ಜನರಲ್ಲಿ ಎಷ್ಟೋ ಮಂದಿಗೆ ಆ ಹೆಸರೂ ಹೊಸದು, ಆ ಭಾಷೆಯೂ ಹೊಸದು. ನೆಲದ ಮೇಲೆ ಕೂತು ಹಾಡುವ ಒಂದು ಗುಂಪು, ಎರಡು ಹಾರ್ಮೋನಿಯಂ, ತಬಲಾ, ಚಪ್ಪಾಳೆ. ಕವ್ವಾಲಿ ಸಾವಕಾಶವಾಗಿ ಏರುವಂಥದ್ದು. ಮೊದಲ ಐದು ನಿಮಿಷ ಕೇಳಿ ಎದ್ದು ಹೋದವರಿಗೆ ಅದು ಸಿಗುವುದಿಲ್ಲ. ಅವತ್ತು ರಾತ್ರಿ ತಡವಾದರೂ ಕೂತು ಕೇಳಿದವರಿಗೆ ಸಿಕ್ಕಿತು. ಪಶ್ಚಿಮದ ದೇಶಗಳಲ್ಲಿ ನುಸ್ರತ್ ಹೆಸರು ಹರಡಿದ್ದು ಅಲ್ಲಿಂದ ಮುಂದೆ.

ಅದಕ್ಕೇ ನಾನು ಹೇಳುವುದು, ಕೈಯಲ್ಲಿ ಪಟ್ಟಿ ಹಿಡಿದು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಓಡಬೇಡ. ಅಲ್ಲಿ ಒಂದೇ ಹೊತ್ತಿಗೆ ಎಷ್ಟೋ ಕಡೆ ಹಾಡು ನಡೆಯುತ್ತಿರುತ್ತದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡಿ ಬಂದರೆ ಫೋನಿನಲ್ಲಿ ವಿಡಿಯೊ ಜಾಸ್ತಿ ಇರುತ್ತದೆ, ಕಿವಿಯಲ್ಲಿ ಏನೂ ಉಳಿದಿರುವುದಿಲ್ಲ. ದಿನಕ್ಕೆ ಒಂದಾದರೂ ನೀನು ಹೆಸರೇ ಕೇಳದವರ ಮುಂದೆ ಕೂತುಕೋ. ಮಾಲಿಯವರಿರಲಿ, ಮಂಗೋಲಿಯಾದವರಿರಲಿ. ಶುರುವಾಗುವ ಮೊದಲೇ ಹೋಗು. ಅವರು ವಾದ್ಯ ಶ್ರುತಿ ಮಾಡುವುದನ್ನು ನೋಡು. ಬೇಸರ ಬಂದರೂ ಏಳಬೇಡ. ಆ ಬೇಸರ ದಾಟಿದ ಮೇಲೆಯೇ ಎಷ್ಟೋ ಸಂಗೀತ ಶುರುವಾಗುವುದು.

ಇದು ನಿನಗೆ ಹೊಸ ವಿದ್ಯೆ ಏನಲ್ಲ. ರಾತ್ರಿಯಿಡೀ ಆಟ ನೋಡಿ ಬೆಳೆದವಳು ನೀನು. ಒಡ್ಡೋಲಗ ಮುಗಿದು, ನಡುರಾತ್ರಿಯ ತೂಕಡಿಕೆ ಕಳೆದು, ಬೆಳಗಿನ ಜಾವ ಭಾಗವತರ ಸ್ವರ ಏರುವಾಗ ನನ್ನ ಮಡಿಲಿನಿಂದ ತಟ್ಟನೆ ಎದ್ದು ಕೂರುತ್ತಿದ್ದೆ. ಈಗ ಇಲ್ಲಿ ಬಹಳ ಕಡೆ ಕಾಲಮಿತಿಯ ಆಟ. ಕಾರಣ ಇರಬಹುದು, ಆದರೂ ಆ ಬೆಳಗಿನ ಜಾವದ ಚೆಂಡೆ ತಪ್ಪಿಹೋದದ್ದು ನನಗೆ ನೋವೇ. ನಿನಗೆ ಅಲ್ಲಿ ಕೊನೆಯ ರೈಲಿನ ಯೋಚನೆ ಇಲ್ಲದೆ ಕೂರುವ ಅವಕಾಶ ಉಂಟು. ಅದನ್ನು ಯಾಕೆ ಬಿಡುತ್ತಿ?

ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕಛೇರಿಗೆ ನಿನ್ನನ್ನು ಕರೆದುಕೊಂಡು ಹೋದದ್ದು ನೆನಪುಂಟಾ? ಹೊಳೆಯುವ ಜುಬ್ಬಾ, ಬೆರಳ ತುಂಬ ಉಂಗುರ. ನೀನು ಉಂಗುರ ಎಣಿಸುತ್ತಾ ಕೂತಿದ್ದೆ. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಸ್ಯಾಕ್ಸೊಫೋನಿನಲ್ಲಿ ಕೀಲಿ ಒತ್ತಿದರೆ ಆ ಸ್ವರ ಅಷ್ಟೇ, ಬಿಟ್ಟರೆ ಮುಂದಿನದು. ನಡುವೆ ಜಾರುವುದಕ್ಕೆ ಜಾಗವೇ ಇಲ್ಲ. ಆದರೆ ಅವರ ಬೆರಳು ನಿಂತಲ್ಲೇ ನಿಂತಿರುವಾಗಲೂ ಸ್ವರ ತೂಗುತ್ತಿತ್ತು, ತುಟಿ ಮತ್ತು ಉಸಿರಿನ ಬಲದಿಂದ. ಬಂಟ್ವಾಳದ ಸಜಿಪದ ಹುಡುಗ. ಅಪ್ಪ ನಾಗಸ್ವರ ನುಡಿಸುವವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ, ಬೆಲ್ಜಿಯಂನವರು ಮಾಡಿದ ವಾದ್ಯದಲ್ಲಿ ಕಲ್ಯಾಣಿ, ತೋಡಿ ಹೊರಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಪ್ರಾಮ್ಸ್ ಹಬ್ಬದಲ್ಲಿ ನುಡಿಸಿದರು. ಅದೂ ಬೇಸಗೆಯ ಸಂಗೀತ ಹಬ್ಬವೇ. ನಮ್ಮ ಊರಿನವರನ್ನು ಅಲ್ಲಿ ಯಾರೋ ಹೆಸರು ಗೊತ್ತಿಲ್ಲದೆಯೇ ಕೂತು ಕೇಳಿರಬೇಕಲ್ಲ? ನೀನು ಈಗ ಆ ಜಾಗದಲ್ಲಿ ಕೂರುತ್ತೀ.

ಇನ್ನೊಂದು ಗಮನಿಸು. ಬುರುಂಡಿಯಲ್ಲಿ ಡೋಲು ಎಂದರೆ ಅರಸೊತ್ತಿಗೆಯ ಗುರುತು. ಬಾರಿಸುವವರಿಗೆ ದೊಡ್ಡ ಮರ್ಯಾದೆ. ನಮ್ಮ ಜಿಲ್ಲೆಯಲ್ಲಿ ಡೋಲು ಬಾರಿಸುವ ಕೊರಗ ಸಮುದಾಯದವರಿಗೆ ಏನು ಮಾಡಿದೆವು? ಅಜಲು ಎಂಬ ಕಟ್ಟುಪಾಡಿನ ಹೆಸರಲ್ಲಿ ಅವರನ್ನು ಕರೆಸಿ, ಬಾರಿಸಲು ಹೇಳಿ, ಅವಮಾನ ಮಾಡಿ ಕಳಿಸಿದ ಊರು ಇದು. ಅದನ್ನು ನಿಲ್ಲಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಹಾಗಾಗಿ ಅಲ್ಲಿ ಯಾರಾದರೂ ಡೋಲಿನವರು ವೇದಿಕೆಗೆ ಬಂದರೆ, ಅವರನ್ನು ಹೇಗೆ ಪರಿಚಯ ಮಾಡುತ್ತಾರೆ, ಎಷ್ಟು ಹೊತ್ತು ಕೊಡುತ್ತಾರೆ, ಎಲ್ಲವನ್ನೂ ನೋಡಿಕೊಂಡು ಬಾ. ನಮ್ಮ ಶಾಲೆಯ ಮಕ್ಕಳಿಗೆ ನೀನೇ ಹೇಳಬೇಕು.

ಇನ್ನು ಟೆಂಟ್. ಬೆಳಕಿರುವಾಗಲೇ ಹೋಗಿ ಸೇರಿ. ಅಲ್ಲಿ ಜುಲೈ ಕೊನೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ 9 ಗಂಟೆ, ಹಾಗಾಗಿ ಹೊತ್ತು ಉಂಟು, ಆದರೆ ಒಳ್ಳೆಯ ಜಾಗ ಬೇಗ ಮುಗಿಯುತ್ತದೆ. ತಗ್ಗು ಜಾಗದ ಹಸಿರು ಹುಲ್ಲು ನೋಡಲು ಚಂದ, ಮಳೆ ಬಂದರೆ ನೀರು ನಿಲ್ಲುವುದೂ ಅಲ್ಲೇ. ಚೂರು ಎತ್ತರದಲ್ಲಿ ಹಾಕಿ. ಶೌಚಾಲಯಕ್ಕೆ ತೀರ ಹತ್ತಿರವೂ ಬೇಡ, ಕತ್ತಲೆಯಲ್ಲಿ ಒಬ್ಬಳೇ ತುಂಬ ನಡೆಯುವಷ್ಟು ದೂರವೂ ಬೇಡ. ಮಕ್ಕಳಿರುವ ಸಂಸಾರಗಳು ಇರುವ ಕಡೆ ಸಿಕ್ಕಿದರೆ ಅಪ್ಪನಿಗೂ ಸಮಾಧಾನ.

ಗೂಟವನ್ನು ನೇರ ಹೊಡೆಯಬಾರದು. ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಮೊನೆ ಟೆಂಟಿನ ಕಡೆಗೆ ಇಳಿಯಬೇಕು. ಆಗ ಗಾಳಿ ಎಳೆದರೂ ಕಿತ್ತು ಬರುವುದಿಲ್ಲ. ಕೆಳಗೆ ಹಾಸುವ ಶೀಟಿನ ಅಂಚು ಟೆಂಟಿನ ಹೊರಗೆ ಇಣುಕಬಾರದು. ಇಣುಕಿದರೆ ಮೇಲಿಂದ ಇಳಿದ ಮಳೆನೀರೆಲ್ಲ ಆ ಶೀಟಿನ ಮೇಲೆ ಸೇರಿ ನಿನ್ನ ಹಾಸಿಗೆಯಡಿಗೆ ಬರುತ್ತದೆ. ಗೈಡ್ಸ್ ಕ್ಯಾಂಪ್‌ನಲ್ಲಿ ಮಕ್ಕಳು ಒದ್ದೆಯಾಗುವುದು ಮೇಲಿನ ಮಳೆಯಿಂದಲ್ಲ, ಯಾವಾಗಲೂ ಇದರಿಂದಲೇ. ಚಳಿಯೂ ಕೆಳಗಿನಿಂದಲೇ ಬರುವುದು. ರಾತ್ರಿ 10 ಡಿಗ್ರಿಯವರೆಗೆ ಇಳಿಯಬಹುದು, ನಮಗೆ ಆ ಚಳಿ ಅಭ್ಯಾಸ ಇಲ್ಲ. ಇನ್ನೊಂದು ಕಂಬಳಿ ಹೊರುವುದಕ್ಕಿಂತ ಒಳ್ಳೆಯ ಮ್ಯಾಟ್ ಒಂದು ತೆಗೆದುಕೋ. ಗಮ್‌ಬೂಟ್ ಇರಲಿ. ಹಬ್ಬ ಚಾರ್ಲ್‌ಟನ್ ಪಾರ್ಕಿಗೆ ಬಂದ ಮೊದಲ ವರ್ಷವೇ ಬಯಲೆಲ್ಲ ಕೆಸರಾಗಿತ್ತಂತೆ. ಟೆಂಟಿನ ಕಂಬಕ್ಕೆ ನಿನ್ನ ಆ ಕೆಂಪು ದುಪಟ್ಟಾ ಕಟ್ಟು. ರಾತ್ರಿ ಟಾರ್ಚ್ ಹಾಕಿದರೆ ಎಲ್ಲ ಟೆಂಟೂ ಒಂದೇ ತರ ಕಾಣುತ್ತವೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಎಷ್ಟೇ ಚಳಿಯಾಗಲಿ, ಮಳೆಯಾಗಲಿ, ಟೆಂಟಿನ ಒಳಗೆ ಒಲೆ ಹಚ್ಚಬಾರದು. ಬಾರ್ಬೆಕ್ಯೂ ಕೆಂಡ ಆರಿದ ಹಾಗೆ ಕಂಡರೂ ಒಳಗೆ ತರಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ನಿನ್ನ ಗೆಳತಿಯರಿಗೂ ಇದನ್ನು ಓದಿ ಹೇಳು.

ದೊಡ್ಡ ಸ್ಪೀಕರ್ ಮುಂದೆ ನಿಲ್ಲುವಾಗ ಕಿವಿಗೆ ಫೋಮಿನ ಇಯರ್‌ಪ್ಲಗ್ ಹಾಕಿಕೋ. ರಾತ್ರಿ ಪಕ್ಕದ ಟೆಂಟಿನವರ ಮಾತು ಜಾಸ್ತಿಯಾದರೂ ಅದೇ ಆಗುತ್ತದೆ. ನೀರಿನ ಬಾಟಲಿ, ಟಾರ್ಚ್, ನಿನ್ನ ಮಾತ್ರೆ, ಸಾಕು. ಪಾಸ್‌ಪೋರ್ಟ್ ರೂಮಿನಲ್ಲೇ ಇರಲಿ.

ಊಟದ ವಿಷಯಕ್ಕೆ ನಾನು ಹೆದರುವುದಿಲ್ಲ. ಅಲ್ಲಿ ಟೇಸ್ಟ್ ದ ವರ್ಲ್ಡ್ ಅಂತ ಒಂದು ವೇದಿಕೆ ವರ್ಷಗಳಿಂದ ನಡೆದು ಬಂದಿದೆ. ಹಾಡಲು ಬಂದವರೇ ತಮ್ಮ ಮನೆಯ ಅಡುಗೆ ಮಾಡಿ ತೋರಿಸುತ್ತಾರೆ. ಈರುಳ್ಳಿ ಹೆಚ್ಚುತ್ತಾ ಊರಿನ ಮಾತು, ಪಾತ್ರೆ ಕುದಿಯುವವರೆಗೆ ಒಂದು ಹಾಡು. ಕೊನೆಗೆ ಕೂತವರಿಗೆಲ್ಲ ಸ್ವಲ್ಪ ಸ್ವಲ್ಪ ರುಚಿ. ದೊಡ್ಡ ವೇದಿಕೆಯಲ್ಲಿ ಬೆಳಕಿನ ನಡುವೆ ನಿಲ್ಲುವವರು ಅಲ್ಲಿ ಸೌಟು ಹಿಡಿದು ನಿಂತಿರುತ್ತಾರೆ. ಇಷ್ಟು ಒಳ್ಳೆಯ ಯೋಚನೆ ನಮ್ಮ ಉತ್ಸವಗಳಲ್ಲಿ ಯಾರಿಗೂ ಯಾಕೆ ಬರಲಿಲ್ಲವೋ. ಭಾಗವತರೊಬ್ಬರು ಹೆಸರುಕಾಳಿನ ಗಸಿ ಕುದಿಸುತ್ತಾ ಒಂದು ಪದ ಹೇಳಿದರೆ ನಾನು ಎಷ್ಟು ದೂರವಾದರೂ ಹೋಗಿಯೇನು. ನಿನ್ನ ಪಟ್ಟಿಯಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡ ಮಾರಾಯ್ತಿ. ಮುಂದಿನ ಸಾಲಲ್ಲೇ ಕೂತುಕೋ.

ಅಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಬರೆದುಕೋ. ಯಾವ ದೇಶದವರು, ಏನು ಮಾಡಿದರು, ಒಗ್ಗರಣೆ ಮೊದಲೋ ಕೊನೆಗೋ. ಮುಖ್ಯವಾಗಿ ಹುಳಿಗೆ ಏನು ಹಾಕುತ್ತಾರೆ ಅಂತ ಕೇಳು. ನಮ್ಮ ಹುಣಸೆ, ಪುನರ್ಪುಳಿ, ಬಿಂಬುಳಿ ಅವರಿಗೆ ಗೊತ್ತುಂಟಾ ಅಂತಲೂ ಕೇಳು. ಭಾನುವಾರ ರಾತ್ರಿಯೇ ಫೋನ್ ಮಾಡಬೇಡ, ಸುಸ್ತಾಗಿರುತ್ತೀ. ರೂಮಿಗೆ ಹೋಗಿ, ಸ್ನಾನ ಮಾಡಿ, ಟೆಂಟನ್ನು ಬಿಡಿಸಿ ಒಣಗಲು ಹಾಕಿ ಆಮೇಲೆ ಮಾಡು. ಒದ್ದೆ ಟೆಂಟ್ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ.

ನಿನ್ನ
ಅಮ್ಮ