ನಮ್ಮತ್ತೆಯ ಗಾದಿ ಭದ್ರಾ ಚಾನಲ್‌ನಲ್ಲಿ ಸಿಕ್ಕಿತು

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಮನೆಯ ದೊಡ್ಡ ಹಳೇ ಸಾಮಾನು ಹೊರಗೆ ಹಾಕುವುದು ಎಷ್ಟು ಕಷ್ಟ ಅಂತ ಈಚೆಗೆ ಗೊತ್ತಾಯಿತು. ಅದರಲ್ಲಿ ನನ್ನ ತಪ್ಪೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅತ್ತೆ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಬೆನ್ನಿಗೆ ಹುಣ್ಣಾಗಬಾರದು ಅಂತ ಆರು ಇಂಚಿನ ಫೋಮ್ ಗಾದಿ ತಂದಿದ್ದೆವು. ಅದಕ್ಕೆ ಕವರ್ ಹೊಲಿದವಳು ನಾನೇ. ಮೇಲೆ ಹಸಿರು ಚೌಕಳಿ ಬಟ್ಟೆ, ಒದ್ದೆ ಇಳಿಯದ ಹಾಗೆ ಒಳಗೆ ರೆಕ್ಸಿನ್. ಒಂದು ಮೂಲೆ ಹರಿದಾಗ ಅದೇ ಬಟ್ಟೆ ಸಿಗಲಿಲ್ಲ. ಮೆಷಿನ್ ಪಕ್ಕ ಬಿದ್ದಿದ್ದ ನೇರಳೆ ಬ್ಲೌಸ್ ಪೀಸ್ ಇಟ್ಟು ತೇಪೆ ಹಾಕಿದ್ದೆ. "ಚಂದ ಆಗೈತೆ ಬಿಡವ್ವ" ಅಂದಿದ್ದರು ಅತ್ತೆ.

ಅವರು ತೀರಿಕೊಂಡ ಮೇಲೆ ಆ ಗಾದಿ ಯಾರಿಗೂ ಬೇಡವಾಯಿತು. ಸತ್ತವರು ಮಲಗಿದ್ದ ಹಾಸಿಗೆ ಅಲ್ವಾ, ಸುಮ್ನೆ ಕೊಡ್ತೀವಿ ಅಂದರೂ ಯಾರೂ ಮುಟ್ಟಲಿಲ್ಲ. ಅವರ ಕೋಣೆಯಲ್ಲಿದ್ದ ಹಳೇ ಡಬ್ಬಾ ಟಿವಿಯದೂ ಅದೇ ಕಥೆ. ಬೆಳಗ್ಗೆ ಕಸದ ಗಾಡಿ ಬಂದಾಗ ಕೇಳಿದೆ. "ಅಕ್ಕ, ಇದು ಗಾಡೀಲಿ ಹಿಡಿಯಲ್ಲ. ಇದೊಂದು ಹಾಕ್ಕೊಂಡ್ರೆ ಇಡೀ ಬೀದಿ ಕಸ ಎಲ್ಲಿ ಹಾಕ್ಲಿ?" ಅಂದರು. ನಿಜವೇ. ಅವರ ಮೇಲೆ ನನಗೆ ಬೇಜಾರಿಲ್ಲ. ದಿನಾ ಬಂದು ಹಸಿ ಕಸ, ಒಣ ಕಸ ಒಯ್ಯುವವರು ಅವರು. ಆ ಗಾಡಿಯ ಅಳತೆಯೇ ಅಷ್ಟು. ಗುಜರಿಯವನು ಕಬ್ಬಿಣದ ಮಂಚವನ್ನು ತೂಕಕ್ಕೆ ಹಾಕಿಕೊಂಡ. ಗಾದಿ ನೋಡಿ ತಲೆಯಾಡಿಸಿದ. "ಕಬ್ಣ, ತಾಮ್ರ, ಪೇಪರ್ ಇದ್ರೆ ಕೊಡಿ. ಇದನ್ನ ಎಲ್ಲಿ ಮಾರ್ಲಿ?"

ಒಂದು ತಿಂಗಳು ಗಾದಿ ನಮ್ಮ ಪಡಸಾಲೆಯ ಗೋಡೆಗೆ ಒರಗಿಕೊಂಡು ನಿಂತಿತ್ತು. ಅಳತೆ ಕೊಡಲು ಬಂದವರು ಅದನ್ನು ದಾಟಿಕೊಂಡೇ ಒಳಗೆ ಬರಬೇಕು. ಕೊನೆಗೆ ಗಾದಿ, ಟಿವಿ ಒಯ್ಯಲು ಒಬ್ಬ ಲಗೇಜ್ ಆಟೋದವನಿಗೆ ನಾನೂರು ರೂಪಾಯಿ ಕೊಟ್ಟೆ. "ಎಲ್ಲಿಗೆ ಒಯ್ತೀಯಪ್ಪಾ?" ಅಂತ ಕೇಳಿದೆ. "ಅದೆಲ್ಲ ನಮಗೆ ಬಿಡಿ ಅಕ್ಕ" ಅಂದ. ನಾನೂ ಬಿಟ್ಟೆ. ಮನೆ ಖಾಲಿಯಾಯಿತಲ್ಲ ಅಂತ ಅವತ್ತು ನೆಮ್ಮದಿಯಾಗಿ ನೆಲ ಒರೆಸಿದೆ.

ಆಮೇಲೆ ಒಂದು ದಿನ ಬೆಳಗ್ಗೆ ಭದ್ರಾ ಚಾನಲ್, ಅಂದರೆ ಭದ್ರಾ ಕಾಲುವೆಯ ಏರಿ ಮೇಲೆ ವಾಕಿಂಗ್ ಹೋಗಿದ್ದೆ. ನೀರು ನಿಲ್ಲಿಸಿದ್ದರು. ನೀರಿದ್ದಾಗ ಕಾಣದ್ದೆಲ್ಲ ಆಗ ಕಾಣುತ್ತದೆ. ದಿಂಬು, ಮುರಿದ ಕುರ್ಚಿ, ಸೋಫಾದ ಕೈ, ದೇವರ ಫೋಟೋ, ಗಾಜಿಲ್ಲದ ಟಿವಿ. ನಾಲ್ಕೈದು ಜನ ರೈತರು ಗುದ್ದಲಿ, ಹಗ್ಗ ಹಿಡಿದು ತೂಬಿನ ಬಾಯಿ ಬಿಡಿಸುತ್ತಿದ್ದರು. ತೂಬಿಗೆ ಅಡ್ಡಲಾಗಿ ಒಂದು ಗಾದಿ ಮಡಚಿಕೊಂಡು ಸಿಕ್ಕಿಹಾಕಿಕೊಂಡಿತ್ತು. ಕೆಸರು ಮೆತ್ತಿ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಒಬ್ಬರು ಹಗ್ಗ ಹಾಕಿ ಜಗ್ಗಿದಾಗ ಮೂಲೆ ಮೇಲೆ ಬಂತು. ನೇರಳೆ ತೇಪೆ. ಸುತ್ತಲೂ ನಾನು ಹಾಕಿದ ಎರಡು ಸಾಲು ಹೊಲಿಗೆ. ಅಷ್ಟು ದಿನ ನೀರಲ್ಲಿದ್ದರೂ ಒಂದು ದಾರವೂ ಬಿಚ್ಚಿರಲಿಲ್ಲ.

ನನಗೆ ಕೈಕಾಲು ಆಡಲಿಲ್ಲ. ಕೆಳಗಿಳಿದು ಅವರ ಜೊತೆ ನಾನೂ ಹಗ್ಗ ಹಿಡಿದೆ. ಮನೆಯಲ್ಲಿ ಇಬ್ಬರು ಆರಾಮಾಗಿ ಎತ್ತುತ್ತಿದ್ದ ಗಾದಿ ಅದು. ನೀರು ಕುಡಿದು ಐದು ಜನಕ್ಕೂ ಅಲುಗಲಿಲ್ಲ. ತುಳಿದು ತುಳಿದು ನೀರು ಹಿಂಡಿ ಆಮೇಲೆ ಎಳೆದೆವು. ಅವರಲ್ಲಿ ವಯಸ್ಸಾದವರೊಬ್ಬರು, "ಸಿಟಿಯವರು ಹಾಕ್ತಾರೆ ತಾಯಿ, ನಮ್ ಗದ್ದೆ ಒಣಗ್ತಾವೆ" ಅಂದರು. ಅದು ನನ್ನದೇ ಗಾದಿ ಅಂತ ಹೇಳಿದೆ. ಅವರು ಬೈಯಲಿಲ್ಲ. "ನೀವು ದುಡ್ಡು ಕೊಟ್ಟು ಕಳಿಸೀರಿ, ಏನ್ ಮಾಡ್ತೀರಿ" ಅಂದರು. ಬೈದಿದ್ದರೇ ಸಮಾಧಾನ ಆಗುತ್ತಿತ್ತು.

ಲಕ್ಕವಳ್ಳಿಯ ಭದ್ರಾ ಡ್ಯಾಮಿನಿಂದ ಬರುವ ನೀರು ಅದು. ನಮ್ಮ ಜಿಲ್ಲೆಯ ರೈತರು ಕಾಲುವೆಯ ಕೊನೆ ಭಾಗದವರು. ನೀರು ನಮ್ಮ ತನಕ ಮುಟ್ಟಲಿಲ್ಲ ಅಂತ ಅವರು ರಸ್ತೆಗಿಳಿಯುವುದನ್ನು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಆ ಕೂಗಿಗೆ ನನ್ನ ನಾನೂರು ರೂಪಾಯಿಯೂ ಸೇರಿತಲ್ಲ ಅಂತ ನಿದ್ದೆ ಬರಲಿಲ್ಲ. ಕುಂದವಾಡ ಕೆರೆಗೆ, ಟಿ.ವಿ. ಸ್ಟೇಷನ್ ಕೆರೆಗೆ ತುಂಬುವುದೂ ಇದೇ ಭದ್ರಾ ನೀರು. ನಮ್ಮ ಮನೆ ನಲ್ಲಿಗೆ ಬರುವುದೂ ಅದೇ. ನಾವೇ ಹಾಕಿ, ನಾವೇ ಕುಡಿಯುವುದು.

ನಾನು ಚಿಕ್ಕವಳಿದ್ದಾಗ ಗಾದಿ ಬಿಸಾಕಿದ್ದು ನೋಡಿಯೇ ಇಲ್ಲ. ಇದು ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ಹತ್ತಿ ಹಿಂಜುವವರು ಬಿಲ್ಲು ಹೊತ್ತು ಓಣಿಗೆ ಬರುತ್ತಿದ್ದರು. ಗಂಟುಗಂಟಾದ ಹಳೇ ಹತ್ತಿಯನ್ನು ಅಂಗಳಕ್ಕೆ ಸುರಿದು, ಟಂಯ್ ಟಂಯ್ ಅಂತ ಬಿಲ್ಲು ಮೀಟಿದರೆ ಹತ್ತಿ ಹೂವಿನ ಹಾಗೆ ಅರಳುತ್ತಿತ್ತು. ನಮ್ಮ ಮೂಗು, ತಲೆ, ರೆಪ್ಪೆ ಎಲ್ಲ ಬಿಳಿ. ಹೊಸ ಬಟ್ಟೆಗೆ ತುಂಬಿ ದಬ್ಬಣದಲ್ಲಿ ಹೊಲಿದರೆ ಅದೇ ಗಾದಿ ಮತ್ತೆ ಎಷ್ಟೋ ವರ್ಷ. ಗಾದಿ ಹೋಗಿ ದಿಂಬಾಗುತ್ತಿತ್ತು, ದಿಂಬು ಹೋಗಿ ತೊಟ್ಟಿಲ ಹಾಸಿಗೆಯಾಗುತ್ತಿತ್ತು. ಫೋಮ್ ಹಾಗಲ್ಲ. ಅದು ಪ್ಲಾಸ್ಟಿಕ್ ಜಾತಿಯದು, ಮಣ್ಣಲ್ಲಿ ಕೊಳೆಯುವುದಿಲ್ಲ. ಖಾಲಿ ಸೈಟಿನಲ್ಲಿ ಹಾಕಿ ಬೆಂಕಿ ಹಚ್ಚುವವರೂ ಇದ್ದಾರೆ. ದಯವಿಟ್ಟು ಹಚ್ಚಬೇಡಿ. ಆ ಕಪ್ಪು ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಸೈನೈಡ್ ವಿಷವೂ ಇರುತ್ತದೆ.

ಡಬ್ಬಾ ಟಿವಿಯದು ಇನ್ನೊಂದು ಅಪಾಯ. ಒಳಗಿನ ತಾಮ್ರದ ಸುರುಳಿ ಕಿತ್ತುಕೊಂಡು ಗಾಜಿನ ಬುರುಡೆಯನ್ನು ಒಡೆದು ಬಿಸಾಕುತ್ತಾರೆ. ಆ ಗಾಜಿನಲ್ಲಿ ಸೀಸ ಇದೆ. ಚಾನಲ್‌ನಲ್ಲಿ ನೋಡಿದ ಗಾಜಿಲ್ಲದ ಟಿವಿ ನಮ್ಮದೇ ಇರಬಹುದು, ಗೊತ್ತಿಲ್ಲ. ಅದಕ್ಕೆ ನಾನು ತೇಪೆ ಹಾಕಿರಲಿಲ್ಲ.

ನನ್ನ ಮಗಳು ಕಾನೂನು ಏನು ಹೇಳುತ್ತದೆ ಅಂತ ಹುಡುಕಿ ಓದಿದಳು. ಬೀದಿ, ಬಯಲು, ಚರಂಡಿ, ಕೆರೆ-ಕಾಲುವೆಗೆ ಕಸ ಹಾಕಬಾರದು, ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತಂತೆ. ಪೇಂಟ್ ಡಬ್ಬ, ಟ್ಯೂಬ್‌ಲೈಟ್, ಹಳೇ ಮಾತ್ರೆ ಇಂಥ ಅಪಾಯದ ಕಸಕ್ಕೆ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಮಾಡಬೇಕು ಅಂತಲೂ ಅದೇ ನಿಯಮದಲ್ಲಿ ಬರೆದಿತ್ತು. ಟಿವಿ, ಫ್ರಿಜ್ ತಯಾರಿಸುವ ಕಂಪನಿಗಳೇ ಅವುಗಳ ಮರುಬಳಕೆಯ ಹೊಣೆ ಹೊರಬೇಕು ಅನ್ನುವ ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸರಿ. ಆದರೆ ಗಾದಿ ಹಿಡಿದುಕೊಂಡು ಬಾಗಿಲಲ್ಲಿ ನಿಂತ ನನ್ನಂಥವಳು ಅದನ್ನು ಎಲ್ಲಿಗೆ ಒಯ್ಯಬೇಕು? ಅದೊಂದು ಗೊತ್ತಾಗಿದ್ದರೆ ನಾನು ಆಟೋದವನನ್ನು ಕರೆಯುತ್ತಲೇ ಇರಲಿಲ್ಲ.

ಪಾಲಿಕೆಯಲ್ಲಿ ನನ್ನ ಬೇಡಿಕೆ ಇಷ್ಟೇ. ತಿಂಗಳಿಗೆ ಒಂದು ದಿನ, ಪ್ರತಿ ವಾರ್ಡಿಗೆ ಒಂದು ದೊಡ್ಡ ಗಾಡಿ ಬರಲಿ. ನಮ್ಮದು 45 ವಾರ್ಡಿನ ಊರು. ದಿನಕ್ಕೆ ಎರಡು ವಾರ್ಡ್ ಹಿಡಿದರೂ ತಿಂಗಳೊಳಗೆ ಒಂದು ಸುತ್ತು ಆಗುತ್ತದೆ. ಯಾವ ದಿನ ಅಂತ ಕಸದ ಗಾಡಿಯ ಮೈಕಿನಲ್ಲೇ ಹೇಳಲಿ. ಗಾದಿಗೆ ಇಷ್ಟು, ಸೋಫಾಗೆ ಇಷ್ಟು ಅಂತ ದುಡ್ಡು ತಗೊಂಡು ರಸೀದಿ ಕೊಡಲಿ. ನಾನೂರು ಕೊಟ್ಟವಳು ನಾನು, ನ್ಯಾಯವಾದ ದುಡ್ಡು ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಕೈಯಲ್ಲಿ ಇಲ್ಲದವರಿಗೆ ಮಾಫಿ ಇರಲಿ. ಇಂಥ ವ್ಯವಸ್ಥೆ ಈಗಾಗಲೇ ಇದ್ದರೆ ಅದನ್ನು ಎಲ್ಲರಿಗೂ ಗೊತ್ತಾಗುವ ಹಾಗೆ ಸಾರಲಿ. ನಮ್ಮ ಓಣಿಯಲ್ಲಿ ಕೇಳಿ ನೋಡಿದೆ, ಯಾರಿಗೂ ಗೊತ್ತಿಲ್ಲ.

ತಂದ ಸಾಮಾನನ್ನು ಒಂದು ಶೆಡ್ಡಿನಲ್ಲಿ ಬಿಚ್ಚಿ ಬೇರೆ ಮಾಡಿದರೆ ಎಷ್ಟೋ ಉಪಯೋಗಕ್ಕೆ ಬರುತ್ತದೆ. ಇದು ನನ್ನ ಕಸುಬಿನ ಮಾತು, ಧೈರ್ಯವಾಗಿ ಹೇಳುತ್ತೇನೆ. ಒಣಗಿದ, ಚೊಕ್ಕಟವಾದ ಫೋಮನ್ನು ಚೂರು ಮಾಡಿದರೆ ಕುರ್ಚಿಯ ಮೆತ್ತೆಗೆ, ಬೈಕ್ ಸೀಟಿಗೆ ತುಂಬಬಹುದು. ನಾನೇ ತುಂಬಿದ್ದೇನೆ. ಸ್ಪ್ರಿಂಗ್ ಬಿಚ್ಚಿಟ್ಟರೆ ಗುಜರಿಯವರು ಬಂದು ತಗೊಳ್ಳುತ್ತಾರೆ. ಬಣ್ಣ ಬಳಿಯದ ಗಟ್ಟಿ ಕಟ್ಟಿಗೆ ಆದರೆ ಬೆಣ್ಣೆ ದೋಸೆಯ ಒಲೆಗೂ ಬೇಕು. ನಮ್ಮ ಮುರುಕು ಮೇಜಿನ ಕಾಲುಗಳನ್ನು ಒಬ್ಬ ಹೋಟೆಲಿನವರು ಖುಷಿಯಿಂದ ಒಯ್ದರು, ಅದರ ಪ್ಲೈವುಡ್ ಹಲಗೆ ಮಾತ್ರ ಬೇಡ ಅಂದರು. ಅಂಟಿನ ಹೊಗೆ ಬರುತ್ತದಲ್ಲ, ಅವರು ಹೇಳಿದ್ದು ಸರಿ.

ನಮ್ಮ ತಂಗಿಯ ಮಗಳು ಟೋಕಿಯೋದಲ್ಲಿದ್ದಾಳೆ. ಅಲ್ಲಿ ದೊಡ್ಡ ಸಾಮಾನು ಹಾಕಬೇಕಾದರೆ ಮೊದಲು ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಸ್ಟಿಕ್ಕರ್ ಕೊಂಡು ಸಾಮಾನಿಗೆ ಅಂಟಿಸಿ, ಆ ದಿನ ಬೆಳಗ್ಗೆ ಮನೆ ಮುಂದೆ ಇಟ್ಟರೆ ಬಂದು ಒಯ್ಯುತ್ತಾರೆ. ಇದರಲ್ಲಿ ನಮ್ಮ ಕೈಲಿ ಆಗದ್ದು ಏನೂ ಇಲ್ಲ. ಸ್ಮಾರ್ಟ್ ಸಿಟಿಗೆ 2016ರಲ್ಲಿ ಮೊದಲ ಪಟ್ಟಿಯಲ್ಲೇ ಆಯ್ಕೆಯಾದ 20 ಊರುಗಳಲ್ಲಿ ನಮ್ಮದೂ ಒಂದು.

ಒಂದು ಕಾಲ ಮಾತ್ರ ನೆನಪಿಟ್ಟುಕೊಳ್ಳಬೇಕು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದೆ. ಊರಿಗೆ ಊರೇ ಸುಣ್ಣಬಣ್ಣ ಮಾಡಿಸುತ್ತದೆ, ನೆಂಟರು ಬರುತ್ತಾರೆ ಅಂತ ಅಟ್ಟದ ಸಾಮಾನೆಲ್ಲ ಕೆಳಗಿಳಿಯುತ್ತದೆ. ಜಾತ್ರೆಗೆ ಹದಿನೈದು ದಿನ ಮೊದಲು ಈ ಗಾಡಿಗಳು ಹೆಚ್ಚಿಗೆ ಓಡಬೇಕು. ಇಲ್ಲದಿದ್ದರೆ ತಾಯಿಗೆ ಅಂತ ಮನೆ ಚೊಕ್ಕಟ ಮಾಡಿ, ಅದನ್ನೆಲ್ಲ ಒಯ್ದು ಚಾನಲ್‌ಗೆ ಸುರಿದ ಹಾಗಾಗುತ್ತದೆ.

ಆ ಗಾದಿಯನ್ನು ನಾನು ಏರಿ ಮೇಲೆ ಬಿಟ್ಟು ಬರಲಿಲ್ಲ. ನಾಲ್ಕು ದಿನ ಅಲ್ಲೇ ಒಣಗಲು ಬಿಟ್ಟು, ಮಗಳ ಜೊತೆ ಹೋಗಿ ಇನ್ನೊಂದು ಆಟೋದಲ್ಲಿ ವಾಪಸ್ ತಂದೆ. ಈಗ ಅದು ನಮ್ಮ ತಾರಸಿ ಮೇಲೆ, ನೀರಿನ ಟ್ಯಾಂಕ್ ಪಕ್ಕ ಇದೆ. ಕೆಸರಾದ ಫೋಮ್ ಮೆತ್ತೆಗೆ ಬರುವುದಿಲ್ಲ. ಎಲ್ಲಿಗೆ ತರಬೇಕು ಅಂತ ಸಂಬಂಧಪಟ್ಟವರು ಈ ಪತ್ರಿಕೆಯಲ್ಲೇ ಹೇಳಿದರೆ, ಬಾಡಿಗೆ ನಾನೇ ಕೊಟ್ಟು ತಂದು ಮುಟ್ಟಿಸುತ್ತೇನೆ.

ಇಂತಿ,
ನಿಟ್ಟುವಳ್ಳಿಯ ಒಬ್ಬ ಟೈಲರ್,
ದಾವಣಗೆರೆ