ನಾಯಿಯವರು, ಬೆಕ್ಕಿನವರು: ಭೇದ ಸ್ವಭಾವದ್ದಲ್ಲ, ಕೆಲಸದ್ದು

ಮಾನ್ಯರೇ,

ಪ್ರಾಣಿ ಕಲ್ಯಾಣದ ಕೆಲಸದಲ್ಲಿ ತೊಡಗಿರುವ ಯಾರ ಜೊತೆ ಹತ್ತು ನಿಮಿಷ ಕುಳಿತು ಮಾತಾಡಿದರೂ ಅವರು ನಾಯಿಯವರೋ ಬೆಕ್ಕಿನವರೋ ಎಂಬುದು ತಿಳಿದುಬಿಡುತ್ತದೆ. ನಾವೇ ನಮ್ಮನ್ನು ಹಾಗೆ ಕರೆದುಕೊಳ್ಳುತ್ತೇವೆ. ‘ಬೆಕ್ಕಿನವರು ಯಾರ ಜೊತೆಗೂ ಬೆರೆಯುವುದಿಲ್ಲ’ ಎಂದು ಒಂದು ಕಡೆಯವರೂ ‘ನಾಯಿಯವರಿಗೆ ಗದ್ದಲ ಮಾಡದೆ ಕೆಲಸ ಬಾರದು’ ಎಂದು ಇನ್ನೊಂದು ಕಡೆಯವರೂ ಹೇಳುವುದನ್ನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಮೊದಲನೆಯ ಮಾತನ್ನು ಸ್ವತಃ ಆಡಿಯೂ ಇದ್ದೇನೆ. ಈ ಭೇದವನ್ನು ಮನುಷ್ಯರ ಸ್ವಭಾವದ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದರಿಂದ ಆಶ್ರಯ ಕೇಂದ್ರಗಳಲ್ಲಿರುವ ಪ್ರಾಣಿಗಳಿಗೆ, ಅದರಲ್ಲೂ ಬೆಕ್ಕುಗಳಿಗೆ, ನೇರವಾಗಿ ತೊಂದರೆಯಾಗುತ್ತಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಸ್ವಭಾವದ ಮಾತಿಗೆ ಸ್ವಲ್ಪ ಆಧಾರವಿಲ್ಲದಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಸ್ಯಾಮ್ ಗಾಸ್ಲಿಂಗ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,500ಕ್ಕೂ ಹೆಚ್ಚು ಮಂದಿ ಪ್ರಶ್ನಾವಳಿಗೆ ಉತ್ತರಿಸಿದ್ದರು. ತಮ್ಮನ್ನು ನಾಯಿಪ್ರಿಯರೆಂದು ಹೇಳಿಕೊಂಡವರು ಹೆಚ್ಚು ಬಹಿರ್ಮುಖಿಗಳಾಗಿಯೂ, ಬೆಕ್ಕುಪ್ರಿಯರು ಹೊಸ ವಿಚಾರಗಳ ಬಗ್ಗೆ ಹೆಚ್ಚು ಕುತೂಹಲಿಗಳಾಗಿಯೂ ತುಸು ಹೆಚ್ಚು ಆತಂಕದವರಾಗಿಯೂ ಕಂಡುಬಂದರು. ಆದರೆ ಅದು ಇಷ್ಟಾನಿಷ್ಟಗಳನ್ನು ಕೇಳಿ ಮಾಡಿದ ಅಧ್ಯಯನವೇ ಹೊರತು ಕೆಲಸಕ್ಕೆ ಇಳಿದವರನ್ನು ಅಳೆದದ್ದಲ್ಲ. ಕೆಲಸಕ್ಕೆ ಇಳಿದ ಮೇಲೆ ನಮ್ಮನ್ನು ತಿದ್ದಿ ತೀಡುವುದು ನಾವು ನೋಡಿಕೊಳ್ಳುವ ಪ್ರಾಣಿ.

ನಾಯಿಯ ಕೆಲಸ ಬೀದಿಯಲ್ಲಿ, ಹಗಲಲ್ಲಿ, ನಾಲ್ಕು ಜನರ ಎದುರಿಗೇ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ರೇಬೀಸ್‌ನಿಂದ ಸಾಯುತ್ತಾರೆ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಶೇ 99ರಷ್ಟು ಬರುವುದು ನಾಯಿಗಳಿಂದ. ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಹೀಗಾಗಿ ನಾಯಿಯವರಾದ ನಾವು ಎಣಿಕೆ ಕಲಿಯುತ್ತೇವೆ, ಅಧಿಕಾರಿಗಳ ಮುಂದೆ ನಿಲ್ಲುವುದನ್ನು ಕಲಿಯುತ್ತೇವೆ, ಕಚ್ಚಿಸಿಕೊಂಡವರ ಸಿಟ್ಟನ್ನು ಎದುರಿಸುತ್ತೇವೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಗಟ್ಟಿಯಾಗಿ ಮಾತಾಡುತ್ತೇವೆ. ನಾಯಿಯೂ ತನ್ನ ನೋವನ್ನು, ಹೆದರಿಕೆಯನ್ನು, ಸಂತೋಷವನ್ನು ಮೈಯೆಲ್ಲ ಬಳಸಿ ಹೇಳುವ ಪ್ರಾಣಿಯಾದ್ದರಿಂದ, ಹೇಳದೇ ಇರುವುದನ್ನು ಹುಡುಕಿ ಓದುವ ಅಭ್ಯಾಸ ನಮಗೆ ಬೆಳೆಯುವುದೇ ಇಲ್ಲ.

ಈ ಕೊರತೆ ನನ್ನಲ್ಲಿ ಎಷ್ಟಿತ್ತೆಂದು ನನಗೆ ತಿಳಿದದ್ದು ಒಂದು ಬೂದುಬಣ್ಣದ ಹೆಣ್ಣು ಬೆಕ್ಕಿನಿಂದ. ನಾನು ಆಗ ಸೇವೆ ಸಲ್ಲಿಸುತ್ತಿದ್ದ ಆಶ್ರಯ ಕೇಂದ್ರಕ್ಕೆ ಅದನ್ನು ಯಾರೋ ತಂದುಬಿಟ್ಟಿದ್ದರು. ಜಾಗವಿಲ್ಲದ್ದರಿಂದ ನಾಯಿಗಳ ಸಾಲಿಗೆ ಎದುರಾಗಿದ್ದ ಪಂಜರದಲ್ಲಿ ಇಟ್ಟೆವು. ಮೂರು ದಿನವೂ ಅದು ಮಲಕ್ಕೆಂದು ಇಟ್ಟಿದ್ದ ಮರಳಿನ ತಟ್ಟೆಯ ಮೇಲೇ, ಹಿಂಗಾಲುಗಳನ್ನು ಗೋಡೆಗೆ ಒತ್ತಿಕೊಂಡು, ಕುಳಿತಿತ್ತು. ಕೂಗಲಿಲ್ಲ, ಪರಚಲಿಲ್ಲ. ಮೂರು ದಿನವೂ ನಾನು ದಾಖಲೆ ಪುಸ್ತಕದಲ್ಲಿ ‘ಶಾಂತವಾಗಿದೆ’ ಎಂದು ಬರೆದೆ. ನಾಲ್ಕನೆಯ ಬೆಳಿಗ್ಗೆ, ಬೆಕ್ಕುಗಳಿಗಾಗಿ ವಾರಕ್ಕೊಮ್ಮೆ ಬರುತ್ತಿದ್ದ ಹಿರಿಯ ಮಹಿಳೆಯೊಬ್ಬರು ಆ ಪಂಜರದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಕಿವಿಗಳು ಎರಡು ಬದಿಗೆ ಹೊರಳಿದ್ದನ್ನೂ, ಕಣ್ಣು ಅರ್ಧ ಕಿರಿದಾಗಿದ್ದನ್ನೂ, ತಲೆ ಭುಜಕ್ಕಿಂತ ಕೆಳಗಿದ್ದುದನ್ನೂ ಬೆರಳು ಮಾಡದೆ ಮೆಲುದನಿಯಲ್ಲೇ ತೋರಿಸಿದರು. ‘ಇದು ಶಾಂತ ಅಲ್ಲಮ್ಮ, ಇದು ಉಸಿರು ಬಿಗಿಹಿಡಿದುಕೊಂಡಿದೆ. ಊಟ ಮುಟ್ಟಿಲ್ಲ, ನೋಡಿದ್ದೀಯಾ?’ ಎಂದು ಕೇಳಿದರು. ತಟ್ಟೆಯಲ್ಲಿದ್ದ ಊಟವನ್ನು ದಿನವೂ ಬದಲಾಯಿಸುತ್ತಿದ್ದವರು ಬೇರೆಯವರಾದ್ದರಿಂದ ನಾನದನ್ನು ನೋಡಿಯೇ ಇರಲಿಲ್ಲ.

ಅವರು ಮಾಡಿದ್ದು ಇಷ್ಟೇ: ಪಂಜರವನ್ನು ನಾಯಿಗಳ ಸದ್ದು ಕಡಿಮೆ ಕೇಳುವ ಉಗ್ರಾಣಕ್ಕೆ ಸಾಗಿಸಿದರು, ಮುಂಭಾಗಕ್ಕೆ ಹಳೆಯ ಬೆಡ್‌ಶೀಟ್ ಇಳಿಬಿಟ್ಟರು, ಒಳಗೊಂದು ರಟ್ಟಿನ ಪೆಟ್ಟಿಗೆಯನ್ನು ಮಗುಚಿ ಇಟ್ಟರು, ನಂತರ ಪಶುವೈದ್ಯರನ್ನು ಕರೆಸಿದರು. ಆ ರಾತ್ರಿಯೇ ಬೆಕ್ಕು ಊಟ ಮಾಡಿತು. ಎರಡು ಮೂರು ದಿನ ಊಟ ಬಿಟ್ಟರೇ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೆ ಸಂಚಕಾರ ಬರಬಹುದೆಂದು, ದಪ್ಪನೆಯ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚೆಂದು ವೈದ್ಯರು ಹೇಳಿದಾಗ ನನ್ನ ಕೈ ತಣ್ಣಗಾಯಿತು. ರಟ್ಟಿನ ಪೆಟ್ಟಿಗೆ ಆ ಮಹಿಳೆಯ ಮಮತೆಯ ಮಾತಷ್ಟೇ ಅಲ್ಲವೆಂದು ನನಗೆ ಗೊತ್ತಾದದ್ದು ಆಮೇಲೆ. ಆಶ್ರಯ ಕೇಂದ್ರಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಅಡಗಲು ಪೆಟ್ಟಿಗೆ ಸಿಕ್ಕವು, ಸಿಗದವುಗಳಿಗಿಂತ ಬೇಗ ಸುಧಾರಿಸಿಕೊಂಡವೆಂದು 2014ರಲ್ಲೇ ನೆದರ್ಲೆಂಡ್ಸ್‌ನ ಸಂಶೋಧಕರು ತೋರಿಸಿದ್ದಾರೆ. ಆಕೆ ಬರಿಗಣ್ಣಿನಿಂದ ಓದಿದ ಮುಖದ ಗುರುತುಗಳನ್ನೇ 2019ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಭಂಗಿ ಎಂಬ ಐದು ಅಂಶಗಳಿಂದ ಬೆಕ್ಕಿನ ನೋವನ್ನು ಅಳೆಯುವ ಮಾಪಕವಾಗಿ ರೂಪಿಸಿದ್ದಾರೆ.

ಬೆಕ್ಕನ್ನು ಚಿಕ್ಕ ನಾಯಿಯೆಂದು ಬಗೆದು ನಡೆಸುವ ಕೇಂದ್ರಗಳಲ್ಲಿ ಆಗುವ ಅನಾಹುತಗಳು ಇದೊಂದೇ ಅಲ್ಲ. ನಾಯಿಯ ಮೈಗೆ ಹತ್ತುವ ಉಣ್ಣೆ ಹುಳುಗಳಿಗೆಂದು ಹಚ್ಚುವ, ಪರ್ಮೆತ್ರಿನ್ ಎಂಬ ಕೀಟನಾಶಕ ಇರುವ ಔಷಧ ಬೆಕ್ಕಿಗೆ ವಿಷ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು, ಏಕೆಂದರೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರಾ ಕಡಿಮೆ. ನಾಯಿಯ ಸಿದ್ಧ ಆಹಾರವನ್ನೇ ತಿಂಗಳುಗಟ್ಟಲೆ ಹಾಕಿದರೆ ಟಾರಿನ್ ಎಂಬ ಅಂಶದ ಕೊರತೆಯಿಂದ ಬೆಕ್ಕಿನ ಕಣ್ಣು ಮತ್ತು ಹೃದಯ ಕೆಡುತ್ತವೆ. ಹೃದಯದ ಕಾಯಿಲೆಗೂ ಟಾರಿನ್‌ಗೂ ಇರುವ ಈ ನಂಟು ಪತ್ತೆಯಾದದ್ದೇ 1987ರಲ್ಲಿ. ಗಂಡು ಬೆಕ್ಕು ಮೂತ್ರ ಕಟ್ಟಿಕೊಂಡು ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗುತ್ತಿದ್ದರೆ ಅದು ಗಂಟೆಗಳ ಲೆಕ್ಕದ ತುರ್ತು ಪರಿಸ್ಥಿತಿ. ಅದನ್ನು ಮಲಬದ್ಧತೆಯೆಂದು ತಿಳಿದು ನಾಳೆ ನೋಡೋಣ ಎಂದವರನ್ನು ನಾನು ಬಲ್ಲೆ. ಇವೆಲ್ಲ ಬೆಕ್ಕಿನವರಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ನಮ್ಮ ಸಭೆಗಳಲ್ಲಿ ಅವರಿಗೆ ಮಾತಾಡಲು ಸಿಗುತ್ತಿದ್ದುದು ಮಾತ್ರ ಕೊನೆಯ ಐದು ನಿಮಿಷ.

ಬೆಕ್ಕಿನವರ ಕಡೆಯಲ್ಲೂ ತಪ್ಪುಗಳಿವೆ ಎಂಬುದನ್ನು ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ. ನೆರೆಹೊರೆಯವರ ಜಗಳಕ್ಕೆ ಅಂಜಿ ಅವರಲ್ಲಿ ಅನೇಕರು ಕತ್ತಲಾದ ಮೇಲೆ ಒಬ್ಬೊಬ್ಬರೇ ಹೋಗಿ ಬೆಕ್ಕುಗಳಿಗೆ ಊಟ ಹಾಕಿ ಬರುತ್ತಾರೆ; ಎಲ್ಲಿ, ಎಷ್ಟು ಬೆಕ್ಕುಗಳಿವೆ ಎಂಬುದನ್ನು ಹೊರಗೆ ಬಿಡುವುದಿಲ್ಲ. ಗುಟ್ಟು ರಟ್ಟಾದರೆ ಯಾರಾದರೂ ವಿಷ ಹಾಕಿಯಾರು ಎಂಬ ಅವರ ಭಯ ಸುಳ್ಳಲ್ಲ. ಆದರೆ ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಲ್ಲದು, ಗರ್ಭ ನಿಲ್ಲುವುದು ಒಂಬತ್ತು ವಾರ ಮಾತ್ರ, ಹಿಂದಿನ ಸೂಲಿನ ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗರ್ಭ ಕಟ್ಟಬಹುದು. ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುವ ನಾಯಿಯ ಲೆಕ್ಕವೇ ಇಲ್ಲಿ ನಡೆಯದು. ಗುಟ್ಟಾಗಿ ಕಳೆದ ಒಂದು ವರ್ಷದಲ್ಲಿ ಐದು ಬೆಕ್ಕುಗಳ ಗುಂಪು ಕೈಮೀರಿ ಬೆಳೆದಿರುತ್ತದೆ, ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹಣವೂ ಸಾಲದು, ಬೋನುಗಳೂ ಸಾಲವು. ಮರಿಗಳ ವಿಷಯದಲ್ಲಂತೂ ಕಾಲ ಇನ್ನೂ ಬಿಗಿ. ನಾಯಿಮರಿ ಸುಮಾರು ಮೂರರಿಂದ ಹನ್ನೆರಡು ವಾರಗಳವರೆಗೆ ಮನುಷ್ಯರ ಒಡನಾಟಕ್ಕೆ ಸುಲಭವಾಗಿ ಒಗ್ಗುತ್ತದೆ, ಬೆಕ್ಕಿನ ಮರಿಗೆ ಆ ಅವಧಿ ಎರಡರಿಂದ ಏಳು ವಾರ ಮಾತ್ರ. ಎಂಟನೆಯ ವಾರದಲ್ಲಿ ನಮಗೆ ಸುದ್ದಿ ಮುಟ್ಟಿದರೆ, ದತ್ತು ಹೋಗಬಹುದಾಗಿದ್ದ ಮರಿಗಳು ಬೀದಿಯಲ್ಲೇ ಉಳಿಯುವ ಸಂಭವ ಹೆಚ್ಚು.

ಇನ್ನೊಂದು ಮಾತು. ಬೆಕ್ಕು ಕಚ್ಚಿದರೆ ಏನಾಗುತ್ತದೆ ಎಂದು ಕೈ ತೊಳೆದುಕೊಂಡು ಸುಮ್ಮನಾಗುವ ಬೆಕ್ಕಿನವರು ನನಗೆ ಹಲವರು ಗೊತ್ತು. ಬೆಕ್ಕಿನಿಂದಲೂ ರೇಬೀಸ್ ತಗಲುತ್ತದೆ, ಅದರ ಸೂಜಿಯಂತಹ ಹಲ್ಲು ಆಳಕ್ಕೆ ಇಳಿಯುವುದರಿಂದ ಗಾಯ ಬೇಗ ಕೀವಾಗುತ್ತದೆ. ಮುಂಜಾಗ್ರತೆಯ ರೇಬೀಸ್ ಲಸಿಕೆ ಹಾಕಿಸಿಕೊಳ್ಳದೆ ಬೋನಿಗೆ ಕೈಹಾಕಬೇಡಿ ಎಂದು ಅವರನ್ನು ಬೇಡಿಕೊಳ್ಳುತ್ತೇನೆ.

ಆಶ್ರಯ ಕೇಂದ್ರಗಳನ್ನು ನಡೆಸುವವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ನಾಯಿಗಳು ಕಾಣದ, ಅವುಗಳ ಬೊಗಳು ಆದಷ್ಟು ಕೇಳದ ಒಂದು ಕೋಣೆಯನ್ನು ಬೆಕ್ಕುಗಳಿಗೆಂದೇ ಬಿಡಿ, ಅದು ಚಿಕ್ಕದಾದರೂ ಸರಿ. ನಾಯಿಯ ಉಣ್ಣೆ ಔಷಧವನ್ನು ಬೆಕ್ಕಿನ ಔಷಧಗಳಿರುವ ಕಪಾಟಿನಲ್ಲಿ ಇಡಬೇಡಿ. ಹಣ, ಜಾಗ, ವೈದ್ಯರ ಸಮಯ ಇವುಗಳನ್ನು ಹಂಚುವ ಸಭೆಯಲ್ಲಿ ಬೆಕ್ಕಿನ ಕೆಲಸ ಬಲ್ಲವರೊಬ್ಬರು ಮೊದಲಿನಿಂದ ಕೊನೆಯವರೆಗೂ ಕುಳಿತಿರಲಿ. ಬೆಕ್ಕಿನವರೂ ಜಾಗದ ಗುಟ್ಟನ್ನು ಊರಿಗೆಲ್ಲ ಸಾರದಿದ್ದರೂ ನಂಬಿಕೆಯ ಒಬ್ಬ ನಾಯಿಯವರಿಗಾದರೂ ತಿಳಿಸಲಿ. ನೆರೆಹೊರೆಯವರ ಜೊತೆ ಕುಳಿತು ಮಾತಾಡಿ ಒಪ್ಪಿಸುವ ಕೆಲಸದಲ್ಲಿ ನಮಗೆ ಪಳಗಿದ ಬಾಯಿ ಇದೆ, ಅದನ್ನು ಅವರು ಬಳಸಿಕೊಳ್ಳಲಿ.

ನಾನು ಈಗ ಸೇವೆ ಸಲ್ಲಿಸುವ ಕೇಂದ್ರದಲ್ಲಿ ಬೆಕ್ಕುಗಳ ದಾಖಲೆ ಪುಸ್ತಕವೇ ಬೇರೆ. ಅದರಲ್ಲಿ ‘ಶಾಂತವಾಗಿದೆ’ ಎಂದು ಬರೆಯಲು ಯಾರಿಗೂ ಅವಕಾಶವಿಲ್ಲ. ಎಷ್ಟು ತಿಂದಿತು, ಮೂತ್ರ ಮಾಡಿತೇ, ಪಂಜರದ ಯಾವ ಭಾಗದಲ್ಲಿ ಕುಳಿತಿತ್ತು, ಪೆಟ್ಟಿಗೆಯಿಂದ ಹೊರಗೆ ಬಂದದ್ದು ಎಷ್ಟು ಹೊತ್ತಿಗೆ ಎಂದು ಬರೆಯಬೇಕು. ಬುಧವಾರದ ಪುಟಗಳನ್ನು ತುಂಬುವ ಪಾಳಿ ನನ್ನದು.

ಇಂತಿ ತಮ್ಮ ವಿಶ್ವಾಸಿ,
ನಾಯಿಗಳ ಆರೈಕೆಯಲ್ಲಿ ತೊಡಗಿರುವ ಸ್ವಯಂಸೇವಕಿ